ಬೆಳಕಿನ ಬಾಲ

ತೊಟ್ಟಿಗೆ ದ್ರವ ಆರ್ಗಾನ್ ತುಂಬಿ ಇಪ್ಪತ್ತೊಂದನೆಯ ದಿನ, ಒಂದು ಗುರುವಾರ ಬೆಳಿಗ್ಗೆ, ಬೆಳಕಿನಕ್ಕ ಪರದೆಯ ಮೇಲೆ ಬಂದ ಅಂಕಿಯನ್ನು ಎರಡೆರಡು ಸಲ ಓದಿದಳು. ಹಿಂದಿನ ದಿನಕ್ಕಿಂತ ಚೂರು ಕಡಿಮೆಯಿತ್ತು. ಹಿಂದಿನ ದಿನದ್ದು ಅದರ ಹಿಂದಿನ ದಿನಕ್ಕಿಂತ ಚೂರು ಕಡಿಮೆಯಿತ್ತು. ಒಂದು ದಿನ ಇಳಿದರೆ ಅಳತೆಯ ತಪ್ಪು ಎನ್ನಬಹುದು, ಎರಡು ದಿನ ಇಳಿದರೆ ಅನುಮಾನ ಪಡಬಹುದು. ಇದು ಐದನೆಯ ದಿನ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಆ ನೆಲದಡಿಯ ಪ್ರಯೋಗಶಾಲೆಯಲ್ಲಿ ಎಲ್ಲರೂ ಅವಳನ್ನು ಬೆಳಕಿನಕ್ಕ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣವಿತ್ತು. ಮೂರಂತಸ್ತಿನ ಮನೆಯಷ್ಟು ಎತ್ತರದ ಆ ಉಕ್ಕಿನ ತೊಟ್ಟಿಯೊಳಗೆ ಗಾಢಾಂಧಕಾರ. ನಾವು ಉಸಿರಾಡುವ ಗಾಳಿಯಲ್ಲೇ ಒಂದಿಷ್ಟು ಇರುವ ಆರ್ಗಾನ್ ಅನಿಲವನ್ನು ಸೊನ್ನೆಗಿಂತ ನೂರಾಎಂಬತ್ತಾರು ಡಿಗ್ರಿ ಕೆಳಗೆ ತಣಿಸಿದರೆ ಅದು ನೀರಿನ ಹಾಗೆ ತಿಳಿಯಾದ ದ್ರವವಾಗುತ್ತದೆ. ತೊಟ್ಟಿಯ ತುಂಬ ಅದೇ. ನ್ಯೂಟ್ರಿನೊ ಎಂಬ ಕಣಗಳು ಯಾರ ಗೊಡವೆಗೂ ಹೋಗದೆ ಇಡೀ ಭೂಮಿಯನ್ನೇ ತೂರಿಕೊಂಡು ಹೋಗುವಂಥವು. ಕೋಟಿ ಕೋಟಿಗಳಲ್ಲಿ ಒಂದು ಎಲ್ಲೋ ಆರ್ಗಾನಿಗೆ ಡಿಕ್ಕಿ ಹೊಡೆಯುತ್ತದೆ. ಹೊಡೆದಾಗ ಒಂದು ಮಿಂಚು. ಆ ಮಿಂಚು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಗಾಜನ್ನೂ ದಾಟುವುದಿಲ್ಲ. ಅದನ್ನು ಹಿಡಿಯಬೇಕೆಂದರೆ ಒಂದು ಬಿಳಿ ಪುಡಿಯನ್ನು ಹಲಗೆಗಳಿಗೆ ತೆಳ್ಳಗೆ ಲೇಪಿಸಬೇಕು. ಪುಡಿ ಆ ಕಾಣದ ಬೆಳಕನ್ನು ಕುಡಿದು ನೀಲಿ ಬೆಳಕನ್ನು ಕಾರುತ್ತದೆ. ಹಲಗೆಯ ಹಿಂದಿರುವ ಬೆಳಕಿನ ಗ್ರಾಹಕಗಳು ಆ ನೀಲಿಯನ್ನು ಹಿಡಿದು ಯಂತ್ರಕ್ಕೆ ಕಳಿಸುತ್ತವೆ. ಮುನ್ನೂರ ಅರವತ್ತು ಹಲಗೆಗಳು. ಅಷ್ಟಕ್ಕೂ ಎರಡು ವರ್ಷ ಕೂತು, ಗಾಳಿ ತೆಗೆದ ಪೆಟ್ಟಿಗೆಯೊಳಗಿಟ್ಟು, ಪುಡಿಯನ್ನು ಕಾಯಿಸಿ ಆವಿ ಎಬ್ಬಿಸಿ ಲೇಪಿಸಿದವಳು ಅವಳು. ದೊಡ್ಡ ಪದವಿ ಓದಿದವಳಲ್ಲ. ಆದರೆ ಯಾವ ಹಲಗೆಯ ಯಾವ ಮೂಲೆಯಲ್ಲಿ ಲೇಪ ತೆಳುವಾಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದಳು.

ಆ ಮಿಂಚಿನಲ್ಲಿ ಎರಡು ಭಾಗ. ಮೊದಲು ಪಟ್ಟನೆ ಹೊಳೆದು ಮುಗಿಯುವುದು ತಲೆ. ಅದರ ಬೆನ್ನಿಗೇ ನಿಧಾನವಾಗಿ ಆರುತ್ತ ಬರುವುದು ಬಾಲ. ನಿಧಾನವೆಂದರೆ ನಮ್ಮ ನಿಧಾನವಲ್ಲ. ನಾವು ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಲಕ್ಷ ಸಲ ಆರಿ ಮುಗಿಯಬಲ್ಲಷ್ಟು ನಿಧಾನ. ಯಂತ್ರಕ್ಕೆ ಅಷ್ಟು ಸಾಕು. ಬಾಲ ಎಷ್ಟು ಉದ್ದವಿದೆ ಎಂದು ದಿನಾ ಬೆಳಿಗ್ಗೆ ಅಳೆದು ಬರೆದಿಡುವುದು ಬೆಳಕಿನಕ್ಕನ ಕೆಲಸ. ಆ ಬಾಲ ಈಗ ಐದು ದಿನದಿಂದ ಮೊಟಕಾಗುತ್ತಿತ್ತು.

ಅವಳು ಹಾಳೆ ಹಿಡಿದು ಮುಖ್ಯ ವಿಜ್ಞಾನಿಯ ಕೋಣೆಗೆ ಹೋದಳು. ಅವರು ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಅದಕ್ಕೇ ಎಲ್ಲರಿಗೂ ಮೇಷ್ಟ್ರು. ಒಳ್ಳೆಯವರೇ, ಆದರೆ ಆ ವಾರ ಅವರ ತಲೆಯ ಮೇಲೆ ಒಂದು ಬಂಡೆ ಕೂತಿತ್ತು. ಮಂಗಳವಾರ ಪರಿಶೀಲನಾ ಸಮಿತಿ ಬರುವುದಿತ್ತು. ತೊಟ್ಟಿ ಮುಂದಿನ ಹತ್ತು ವರ್ಷ ನಡೆಯುತ್ತದೋ ಇಲ್ಲವೋ ಎಂದು ಹೇಳುವವರು ಸಮಿತಿಯವರೇ. ಮೇಷ್ಟ್ರು ಹಾಳೆಯನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ನಿನ್ನ ಲೇಪವೇ ಕಿತ್ತುಬರುತ್ತಿರಬೇಕಮ್ಮ ಎಂದರು. ಆರ್ಗಾನಿನ ಶುದ್ಧತೆ ಅಳೆಯುವ ಇನ್ನೊಂದು ಉಪಕರಣ ತೊಟ್ಟಿಯಲ್ಲಿತ್ತು. ಅದು ವಿದ್ಯುತ್ ಕಣಗಳು ಎಷ್ಟು ದೂರ ಸಾಗುತ್ತವೆ ಎಂದು ನೋಡುತ್ತದೆ. ಅದರ ಪ್ರಕಾರ ಎಲ್ಲವೂ ಬಂಗಾರದಷ್ಟು ಶುದ್ಧ ಎಂದು ಬೆರಳು ತೋರಿಸಿದರು.

ಬೆಳಕಿನಕ್ಕ ನಿಂತಲ್ಲಿಂದ ಕದಲಲಿಲ್ಲ. ಲೇಪ ಕಿತ್ತುಬಂದಿದ್ದರೆ ತಲೆಯೂ ಮಂಕಾಗಬೇಕಿತ್ತು, ಬಾಲವೂ ಮಂಕಾಗಬೇಕಿತ್ತು. ತಲೆ ಮೊದಲ ದಿನ ಹೇಗಿತ್ತೋ ಹಾಗೇ ಇದೆ. ಬಾಲವೊಂದನ್ನೇ ಏನೋ ತಿನ್ನುತ್ತಿದೆ. ಬಾಲವನ್ನು ತಿಂದು ತಲೆಯನ್ನು ಬಿಡುವುದು, ವಿದ್ಯುತ್ ಕಣಗಳ ತಂಟೆಗೂ ಹೋಗದೆ ಇರುವುದು ನೈಟ್ರೋಜನ್ ಎಂದಳು. ಇದನ್ನೆಲ್ಲ ಅವಳಿಗೆ ಕಲಿಸಿದವರೇ ಮೇಷ್ಟ್ರು. ತಾವು ಕಲಿಸಿದ ಪಾಠವನ್ನೇ ಅವಳು ತಮಗೆ ಒಪ್ಪಿಸುವುದನ್ನು ಕೇಳುತ್ತ ಅವರು ಕಿಟಕಿಯಿಲ್ಲದ ಗೋಡೆಯ ಕಡೆ ಮುಖ ತಿರುಗಿಸಿದರು.

"ಸರಿ, ನೈಟ್ರೋಜನ್ನೇ ಅಂತಿಟ್ಕೋ. ಅದು ಎಲ್ಲಿಂದ ಬರ್ಬೇಕು?" ಎಂದು ಕೇಳಿದರು.

ಅವಳಿಗೆ ಉತ್ತರ ಗೊತ್ತಿತ್ತು.

ತೊಟ್ಟಿಯಲ್ಲಿ ಆರ್ಗಾನ್ ಸದಾ ಒಂದಿಷ್ಟು ಆವಿಯಾಗುತ್ತಲೇ ಇರುತ್ತದೆ. ಆ ಆವಿಯನ್ನು ಮತ್ತೆ ದ್ರವ ಮಾಡಲು ತೊಟ್ಟಿಯ ಪಕ್ಕದ ಗುಂಡಿಯಲ್ಲಿ ಒಂದು ತಂಪು ಪೆಟ್ಟಿಗೆಯಿತ್ತು. ನಾಲ್ಕಾಳೆತ್ತರ ಕೂಡ ಇಲ್ಲದ ಗುಂಡಿ, ಇಳಿಯಲು ಒಂದು ಕಬ್ಬಿಣದ ಏಣಿ. ಪೆಟ್ಟಿಗೆಯೊಳಗೆ ಇನ್ನೂ ತಣ್ಣಗಿರುವ ದ್ರವ ನೈಟ್ರೋಜನ್ ಹರಿಯುವ ಕೊಳವೆ. ಆರ್ಗಾನಿನ ಆವಿ ಆ ಕೊಳವೆಯ ಮೈಗೆ ತಾಗಿ ಹನಿಯಾಗಿ ಇಳಿಯುತ್ತದೆ. ಒಂದಕ್ಕೊಂದು ಬೆರೆಯಬಾರದ ಎರಡರ ನಡುವೆ ಇರುವುದು ಒಂದು ಕೊಳವೆಯ ದಪ್ಪ ಮಾತ್ರ. ಕೊಳವೆ ಪೆಟ್ಟಿಗೆಯೊಳಗೆ ನುಗ್ಗುವ ಕಡೆ ಸುತ್ತಲೂ ಒಂದು ಬೆಸುಗೆ. ನೈಟ್ರೋಜನ್ ಬರುವುದಿದ್ದರೆ ಅಲ್ಲಿಂದಲೇ ಬರಬೇಕು. ಆ ಬೆಸುಗೆ ಹಾಕಿದವನು ಅವಳ ಒಡಹುಟ್ಟಿದ ಅಣ್ಣ.

ಗೊತ್ತಿಲ್ಲ ಮೇಷ್ಟ್ರೇ, ಹುಡುಕುತ್ತೇನೆ ಎಂದಳು. ಮಂಗಳವಾರ ಕಳೆಯಲಿ, ಆಮೇಲೆ ಇಬ್ಬರೂ ಕೂತು ನೋಡೋಣ ಎಂದು ಅವರು ಹಾಳೆಯನ್ನು ಮಡಿಸಿ ಡ್ರಾಯರಿಗೆ ಹಾಕಿದರು. ಇಬ್ಬರಿಗೂ ಆ ಗಳಿಗೆ ನೆಮ್ಮದಿಯೆನಿಸಿತು. ಅದೇ ತಪ್ಪಾಯಿತು.

ಅಣ್ಣ ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದವನು. ಬೆಸುಗೆಯಲ್ಲಿ ಅವನ ಕೈ ಎಂಥದ್ದೆಂದರೆ, ಅವನು ಕೂಡಿಸಿದ ಉಕ್ಕಿನ ಮೇಲಿನ ಗೆರೆ ಒಳ್ಳೆಯ ಬಟ್ಟೆಯ ಹೊಲಿಗೆಯ ಹಾಗೆ ಒಂದೇ ಸಮನಾಗಿರುತ್ತಿತ್ತು. ಜೊತೆಯವರು ಅವನಿಗೆ ದರ್ಜಿ ಎಂದೇ ಹೆಸರಿಟ್ಟಿದ್ದರು. ಪ್ರಯೋಗಶಾಲೆಗೆ ಅವಳನ್ನು ಸೇರಿಸಿದವನೂ ಅವನೇ. ಅವಳು ಅಣ್ಣ ಅತ್ತಿಗೆಯರ ಮನೆಯ ಮೇಲಿನ ಕೋಣೆಯಲ್ಲಿದ್ದಳು. ಮದುವೆಯ ಮಾತು ಬಂದಾಗಲೆಲ್ಲ, ಮುನ್ನೂರ ಅರವತ್ತು ಹಲಗೆ ಸಾಕಿದ್ದೇನೆ, ಇನ್ನೊಂದು ಸಾಕಲಾರೆ ಎಂದು ನಗಿಸಿ ಜಾರಿಕೊಳ್ಳುತ್ತಿದ್ದಳು.

ಕೆಲವು ತಿಂಗಳಿಂದ ಅವಳು ಗಮನಿಸಿದ್ದ ಒಂದಷ್ಟು ಸಂಗತಿಗಳಿದ್ದವು. ಅಣ್ಣ ಚಹಾ ಬಗ್ಗಿಸುವಾಗ ಲೋಟದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಅಡುಗೆಮನೆಯ ಬಲ್ಬು ಮಂಕು ಎಂದು ಮೂರು ಸಲ ಬದಲಾಯಿಸಿದ. ಮೂರನೆಯದು ಎಷ್ಟು ಪ್ರಖರವಾಗಿತ್ತೆಂದರೆ, ಇಲ್ಲಿ ಅಡುಗೆ ಮಾಡಬೇಕಾದರೆ ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತ ಹಾಗಾಗುತ್ತದೆ ಎಂದು ಅತ್ತಿಗೆ ಗೊಣಗಿದ್ದಳು. ಆಗ ಎಲ್ಲರೂ ನಕ್ಕಿದ್ದರು.

ಗುರುವಾರ ಸಂಜೆ ಅಣ್ಣ ಹಿತ್ತಿಲ ಕಟ್ಟೆಯ ಮೇಲೆ ಕೂತು ಬೂಟಿನ ಲಾಡಿ ಬಿಚ್ಚುತ್ತಿದ್ದ. ಬೆಳಕಿನಕ್ಕ ಪಕ್ಕದಲ್ಲಿ ಕೂತಳು. ಸುತ್ತು ಬಳಸುವುದು ಅವಳಿಗೆ ಬರುತ್ತಿರಲಿಲ್ಲ.

"ಅಣ್ಣ, ತಂಪು ಪೆಟ್ಟಿಗೆಯ ಆ ಸುತ್ತು ಬೆಸುಗೆ ಮಾಡುವಾಗ ನಿಂಗೆ ಸರಿಯಾಗಿ ಕಾಣಿಸ್ತಿತ್ತಾ?"

ಅವನು ಲಾಡಿ ಬಿಟ್ಟ. ಒಳಗೆ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಆ ಸದ್ದು ನಿಲ್ಲದಿರಲಿ ಎನ್ನುವಂತೆ ಅವನು ಅತ್ತ ಒಮ್ಮೆ ನೋಡಿದ.

"ಕೊನೇ ಎರಡಿಂಚು ಕಾಣಿಸ್ಲಿಲ್ಲ," ಎಂದ. "ಎಲ್ಲಾ ಹಾಲಿನ ಹಾಗೆ ಆಗ್ಹೋಯ್ತು. ಕೈ ಲೆಕ್ಕದಲ್ಲಿ ಮುಗಿಸ್ದೆ. ಮೂವತ್ತು ವರ್ಷದ ಕೈ, ದಾರಿ ತಪ್ಪಲ್ಲ ಅಂದ್ಕೊಂಡೆ."

ಪರೀಕ್ಷೆಯಲ್ಲಿ ಬೆಸುಗೆ ಪಾಸಾಗಿತ್ತು. ಪರೀಕ್ಷೆ ಮಾಡಿದ್ದು ಕೋಣೆಯ ಬಿಸಿಯಲ್ಲಿ. ಆಮೇಲೆ ಅಷ್ಟು ಚಳಿ ಕುಡಿದ ಉಕ್ಕು ಎಷ್ಟು ಕುಗ್ಗಿತೋ, ಯಾವ ಕೂದಲೆಳೆಯ ಸಂದಿನಲ್ಲಿ ಬಾಯಿ ಬಿಟ್ಟಿತೋ, ಯಾರಿಗೆ ಗೊತ್ತು. ಅವಳು ಬಾಲದ ಸಂಗತಿ ಹೇಳಿದಳು. ಅವನಿಗೆ ನ್ಯೂಟ್ರಿನೊ ಅರ್ಥವಾಗದಿದ್ದರೂ ಬಿರುಕು ಅರ್ಥವಾಗುತ್ತಿತ್ತು. ಕಣ್ಣಿನ ವಿಷಯ ತಿಳಿದರೆ ಮಾರನೆಯ ದಿನವೇ ಬೆಸುಗೆಯ ಪಂಜು ಕೈಯಿಂದ ಕಿತ್ತುಕೊಳ್ಳುತ್ತಾರೆ, ಪಂಜು ಹೋದ ಮೇಲೆ ತಾನು ಯಾರು ಎಂದು ಅವನು ಕೇಳಿದ. ಅತ್ತಿಗೆಗೂ ಹೇಳಬೇಡ ಎಂದ.

"ಸೋಮವಾರದವರೆಗೆ ತಡಿ. ನಾನೇ ಮೇಷ್ಟ್ರ ಮುಂದೆ ನಿಂತು ಹೇಳ್ತೀನಿ. ನನ್ನ ಬಾಯಿಂದಾನೇ ಬರ್ಲಿ."

ಜಡೆ ಹೆಣೆದ ಕೈಯವನು ಮೊದಲ ಸಲ ಅವಳಲ್ಲಿ ಏನನ್ನೋ ಬೇಡಿದ್ದ. ಅವಳು ಆಗಲಿ ಎಂದಳು. ಗುಂಡಿಗೆ ಮಾತ್ರ ಇಳಿಯಬೇಡ ಎಂದಳು. ಅವನು ನಕ್ಕು, ನಾನೇನು ಮಗುವೇ ಎಂದ.

ಗುಂಡಿಯ ಬಗ್ಗೆ ಅವಳಿಗೆ ಭಯವಿದ್ದದ್ದು ಸುಮ್ಮನೆ ಅಲ್ಲ. ನೈಟ್ರೋಜನ್ ವಿಷವಲ್ಲ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ಮಾಡುವುದು ಒಂದೇ ಕೆಲಸ. ತಣ್ಣಗೆ ಭಾರವಾಗಿ ತಗ್ಗಿಗೆ ಇಳಿದು, ಅಲ್ಲಿದ್ದ ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಅದರೊಳಗೆ ತಲೆಯಿಟ್ಟವನಿಗೆ ಕೆಮ್ಮು ಬರುವುದಿಲ್ಲ, ಉಸಿರು ಕಟ್ಟಿದಂತೆಯೂ ಆಗುವುದಿಲ್ಲ. ಎರಡು ಉಸಿರು, ಮೂರನೆಯದಕ್ಕೆ ಅವನು ನೆಲದ ಮೇಲೆ. ಅದಕ್ಕೇ ಗುಂಡಿಯಲ್ಲಿ ಗಾಳಿ ಅಳೆಯುವ ಗಂಟೆಯೊಂದನ್ನು ಕೂರಿಸಿದ್ದರು. ಅದು ಹಳೆಯದಾಗಿ ಸುಳ್ಳುಸುಳ್ಳೇ ಕೂಗುತ್ತಿತ್ತು. ಹೊಸ ಭಾಗ ಬರುವವರೆಗೆ ಯಾರೋ ಅದರ ತಂತಿ ಕಳಚಿ, ಏಣಿಯ ಬಾಯಿಗೆ ಒಂದು ಸರಪಳಿ ಕಟ್ಟಿ, ಅಳೆಯುವ ಮೀಟರನ್ನು ಸಹಿ ಹಾಕಿ ಪಡೆಯದೆ ಇಳಿಯಕೂಡದು ಎಂದು ಹಲಗೆ ತೂಗುಹಾಕಿದ್ದರು. ಅದಕ್ಕೆ ಒಪ್ಪಿಗೆ ಕೊಟ್ಟವರು ಮೇಷ್ಟ್ರೇ.

ಶುಕ್ರವಾರ ಅಂಕಿ ಮತ್ತೆ ಇಳಿಯಿತು. ಶನಿವಾರ ಇನ್ನೂ ಹೆಚ್ಚು ಇಳಿಯಿತು. ದಿನಚರಿ ಪುಸ್ತಕದಲ್ಲಿ ಕಾರಣ ಎಂದಿದ್ದ ಕಡೆ ಅವಳು 'ಪರಿಶೀಲನೆಯಲ್ಲಿದೆ' ಎಂದು ಬರೆದಳು. ತನ್ನ ಕೈಬರಹವೇ ಯಾರದ್ದೋ ಬರಹದಂತೆ ಕಂಡಿತು. ಮನೆಯಲ್ಲಿ ಮೂವರೂ ಒಟ್ಟಿಗೆ ಕೂತು ಊಟ ಮಾಡಿದರು. ಅತ್ತಿಗೆ, ಅಣ್ಣತಂಗಿ ಇಬ್ಬರಿಗೂ ಯಾವ ದೆವ್ವ ಬಡಿದಿದೆ ಎಂದು ಕೇಳಿ, ಉತ್ತರ ಬಾರದಿದ್ದಾಗ ಬಡಿಸುವ ಸೌಟನ್ನು ಸ್ವಲ್ಪ ಜೋರಾಗಿಯೇ ಪಾತ್ರೆಗೆ ಹಾಕಿದಳು. ಬೆಳಕಿನಕ್ಕನಿಗೆ ಸಂಕಟ ಒಳಗೊಳಗೇ ಬಿಸಿತುಪ್ಪದಂತಾಗಿತ್ತು, ಉಗುಳಲೂ ಆಗದು, ನುಂಗಲೂ ಆಗದು.

ಭಾನುವಾರ ಪರದೆಗಳಿರುವ ಕೋಣೆಯಲ್ಲಿ ಅವಳದ್ದೇ ಪಾಳಿ. ರಜೆಯ ದಿನ ತೊಟ್ಟಿಯಿರುವ ಕೆಳಗಿನ ದೊಡ್ಡ ಹಜಾರದಲ್ಲಿ ನರಪಿಳ್ಳೆಯಿರಲಿಲ್ಲ. ಪಂಪುಗಳ ಗುಂಯ್ ಎನ್ನುವ ಸದ್ದು ಮಾತ್ರ. ಬಾಗಿಲಲ್ಲಿ ಕಾವಲುಗಾರ. ಅವನು ಹಿಂದೆ ಕುಸ್ತಿ ಮಾಡಿದವನು. ಈಗ ಹೊಟ್ಟೆ ಬಂದು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರೂ ಪೈಲ್ವಾನ ಎಂಬ ಹೆಸರು ಮಾತ್ರ ಬಿಟ್ಟಿರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಅತ್ತಿಗೆಯ ಫೋನು ಬಂತು. "ನಿಮ್ಮಣ್ಣ ಅಲ್ಲೇ ಕೂತ್ಬಿಟ್ರಾ? ನಿಂಗೆ ಡಬ್ಬಿ ಕೊಟ್ಟು ಬರ್ತೀನಿ ಅಂತ ಹೋಗಿ ಮುಕ್ಕಾಲು ಗಂಟೆ ಆಯ್ತು. ಇಲ್ಲಿ ಅನ್ನ ಆರಿ ಕಲ್ಲಾಗ್ತಿದೆ."

ಡಬ್ಬಿ ಬಂದಿರಲಿಲ್ಲ. ಬೆಳಕಿನಕ್ಕ ಪರದೆಯ ಕಡೆ ನೋಡಿದಳು. ಬೆಳಕಿನ ಅಂಕಿಗಳ ಪಕ್ಕದ ಸಾಲಿನಲ್ಲಿ ನೈಟ್ರೋಜನ್ ಕೊಳವೆಯ ಒತ್ತಡ ತೋರಿಸುವ ಗೆರೆಯಿತ್ತು. ಬೆಳಿಗ್ಗೆಯಿಂದ ನೆಟ್ಟಗೆ ಮಲಗಿದ್ದ ಆ ಗೆರೆ ಐದಾರು ನಿಮಿಷದ ಕೆಳಗೆ ಬಾಗಲು ಶುರುವಾಗಿತ್ತು. ಅವಳು ಫೋನನ್ನು ಮೇಜಿನ ಮೇಲಿಟ್ಟಳೋ ಬಿಸಾಡಿದಳೋ ಆಮೇಲೆ ಅವಳಿಗೆ ನೆನಪಾಗಲಿಲ್ಲ. ಅದರೊಳಗಿಂದ ಅತ್ತಿಗೆ ಇನ್ನೂ ಮಾತಾಡುತ್ತಲೇ ಇದ್ದಳು.

ಏಣಿಯ ಬಾಯಲ್ಲಿ ಸರಪಳಿ ಕಳಚಿತ್ತು. ಪಕ್ಕದಲ್ಲಿ ಊಟದ ಡಬ್ಬಿ, ಅದರ ಪಕ್ಕ ಅಣ್ಣನ ಹತಾರದ ಚೀಲ ಇತ್ತು. ಮೀಟರ್ ಅದರ ಗೂಡಿನಲ್ಲೇ ಇತ್ತು. ಅದನ್ನು ತೆಗೆದುಕೊಳ್ಳಬೇಕಾದರೆ ಸಹಿ ಹಾಕಬೇಕು, ಸಹಿ ಹಾಕಿದರೆ ಅವನು ಇಳಿದದ್ದು ಎಲ್ಲರಿಗೂ ತಿಳಿಯುತ್ತದೆ. ಅವಳು ಬಗ್ಗಿ ನೋಡಿದಳು. ಕೆಳಗೆ ಮೊಣಕಾಲೆತ್ತರಕ್ಕೆ ತೆಳು ಮಂಜು ಹರಡಿತ್ತು. ಕೊಳವೆಗೆ ಸುತ್ತಿದ್ದ ಚಳಿತಡೆಯ ಹೊದಿಕೆಯನ್ನು ಅಣ್ಣ ಬಿಡಿಸಿದ್ದ. ಬೆಸುಗೆ ಕಣ್ಣಿಗೆ ಸರಿಯಾಗಿ ಕಾಣದ್ದಕ್ಕೆ ಮುಖವನ್ನು ಅದರ ಪಕ್ಕಕ್ಕೇ ಒಯ್ದಿರಬೇಕು, ಬೇರೆಯವರು ಒಂದು ಮಾರು ದೂರದಿಂದ ನೋಡುವುದನ್ನು ಅವನು ಒಂದು ಗೇಣಿನಿಂದ ನೋಡಿರಬೇಕು. ಈಗ ಮಗ್ಗುಲಾಗಿ ಬಿದ್ದಿದ್ದ. ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಅವಳು ಕೂಗಿದಳು. ಅವನು ಅಲುಗಲಿಲ್ಲ.

ಅವಳ ಒಂದು ಕಾಲು ಆಗಲೇ ಏಣಿಯ ಮೊದಲ ಮೆಟ್ಟಿಲ ಮೇಲಿತ್ತು.

ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಡುವ ಪಾಠವೇ ಅದು. ಇಂಥ ಗುಂಡಿಯಲ್ಲಿ ಒಬ್ಬ ಬಿದ್ದರೆ ಸಾಯುವವರು ಇಬ್ಬರು. ಮೊದಲನೆಯವನು ಗೊತ್ತಿಲ್ಲದೆ ಇಳಿದವನು, ಎರಡನೆಯವನು ಅವನ ಮೇಲೆ ಪ್ರೀತಿಯಿದ್ದವನು. ಅವಳು ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಜೀವಮಾನದಲ್ಲಿ ಅಷ್ಟು ಭಾರದ ವಸ್ತುವನ್ನು ಅವಳು ಎತ್ತಿರಲಿಲ್ಲ.

ಗೋಡೆಯ ಮೇಲಿನ ಕೆಂಪು ಸ್ವಿಚ್ಚು ಒತ್ತಿದಳು. ನೈಟ್ರೋಜನ್ ಕವಾಟ ಮುಚ್ಚಿಕೊಂಡಿತು, ಗಾಳಿ ಎಳೆಯುವ ದೊಡ್ಡ ಫ್ಯಾನುಗಳು ಅಬ್ಬರಿಸಿದವು, ಇಡೀ ಹಜಾರದಲ್ಲಿ ಸೈರನ್ ಮೊಳಗಿತು. ಪೈಲ್ವಾನ ಓಡಿ ಬರುವ ಹೆಜ್ಜೆ ಕೇಳಿಸಿತು. ಕಪಾಟಿನಿಂದ ಗಾಳಿ ಸಿಲಿಂಡರು ತೆಗೆದು ಬೆನ್ನಿಗೇರಿಸಿದಳು. ಮುಖವಾಡದ ಪಟ್ಟಿ ಕೂದಲಿಗೆ ಸಿಕ್ಕಿಕೊಂಡಿತು. ಬಿಡಿಸಿದಳು. ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ಅಂಗೈಯಿಂದ ಮುಚ್ಚಿ, ಉಸಿರೆಳೆದು ಪರೀಕ್ಷಿಸಬೇಕು. ಪರೀಕ್ಷಿಸಿದಳು. ಅಂಚಿನಲ್ಲಿ ಸೋರುತ್ತಿತ್ತು. ಮತ್ತೆ ಬಿಗಿದು ಮತ್ತೆ ಪರೀಕ್ಷಿಸಿದಳು. ಕೆಳಗೆ ಅಣ್ಣ ಬಿದ್ದಿದ್ದಾನೆ, ಮೇಲೆ ಅವಳು ಪಟ್ಟಿ ಬಿಗಿಯುತ್ತಿದ್ದಾಳೆ. ಪೈಲ್ವಾನ ಹಗ್ಗದ ಕೊಕ್ಕೆಯನ್ನು ಅವಳ ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಾಲು ಅಗಲಿಸಿ ನಿಂತ.

"ನೀನು ಬಿದ್ರೂ ನಿನ್ನನ್ನ ಎಳೀತೀನಿ ಅಕ್ಕ. ಇಳಿ," ಎಂದ.

ಮಂಜಿನೊಳಗೆ ಮುಖವಾಡದಲ್ಲಿ ಅವಳಿಗೆ ಕೇಳಿಸುತ್ತಿದ್ದುದು ಅವಳದೇ ಉಸಿರು. ಅಣ್ಣನ ಕಂಕುಳಡಿಗೆ ಪಟ್ಟಿ ಹಾಕಿ, ಮೇಲಿನಿಂದ ಇಳಿಬಿಟ್ಟಿದ್ದ ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಕೈಯೆತ್ತಿದಳು. ಪೈಲ್ವಾನ ಎಳೆದ. ಮೇಲೆ ಮಲಗಿಸಿದಾಗ ಅಣ್ಣನ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಅವಳು ಏಣಿ ಹತ್ತಿ ಬಂದು ಮುಖವಾಡ ಕಿತ್ತೆಸೆದು ಅವನ ಬಾಯಿಗೆ ಉಸಿರು ಊದಿದಳು, ಪೈಲ್ವಾನ ಎದೆ ಒತ್ತಿದ. ಎಷ್ಟು ಹೊತ್ತು ಎಂದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೊಮ್ಮೆ ಅಣ್ಣನ ಎದೆ ತಾನಾಗಿ ಏರಿತು. ಆಂಬುಲೆನ್ಸಿನವರು ಬಂದಾಗ ಪೈಲ್ವಾನ ಗೋಡೆಗೊರಗಿ ಚಿಕ್ಕ ಮಕ್ಕಳ ಹಾಗೆ ಅಳುತ್ತಿದ್ದ. ಅವಳು ಅಳಲಿಲ್ಲ.

ಅಣ್ಣ ಹನ್ನೊಂದು ದಿನ ಕಣ್ಣು ತೆರೆಯಲಿಲ್ಲ. ಆಸ್ಪತ್ರೆಯ ಉದ್ದದ ಓಣಿಯಲ್ಲಿ ಅತ್ತಿಗೆ ಒಂದು ಬೆಂಚಿನ ಮೇಲೆ, ಬೆಳಕಿನಕ್ಕ ಎದುರಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಮೂರನೆಯ ದಿನ ಡಾಕ್ಟರು ಬಂದು, ಇವರ ಎರಡೂ ಕಣ್ಣಲ್ಲಿ ಪೊರೆ ಬೆಳೆದಿದೆ, ನಿಮಗೆ ಗೊತ್ತಿತ್ತೇ ಎಂದು ವಿಚಾರಿಸಿದರು. ತೆಗೆಸಲು ಅರ್ಧ ಗಂಟೆಯ ಕೆಲಸ ಎಂದರು. ಅರ್ಧ ಗಂಟೆ ಎಂಬ ಮಾತು ಕೇಳಿ ಅತ್ತಿಗೆ ತಿರುಗಿ ನಾದಿನಿಯ ಮುಖ ನೋಡಿದಳು.

"ನಿಂಗೆ ಗೊತ್ತಿತ್ತಾ?"

"ಕಣ್ಣಿಂದೂ ಗೊತ್ತಿತ್ತು ಅತ್ತಿಗೆ, ಬಿರುಕಿಂದೂ ಗೊತ್ತಿತ್ತು. ಗುರುವಾರದಿಂದ."

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತು, ಕೊನೆಗೆ ತಣ್ಣನೆಯ ದನಿಯಲ್ಲಿ ಹೇಳಿದಳು.

"ನಂಗೊಂದು ಮಾತು ಹೇಳಿದ್ರೆ ಅವರನ್ನ ಹೊಸ್ತಿಲು ದಾಟಕ್ಕೆ ಬಿಡ್ತಿರ್ಲಿಲ್ಲ. ಆ ಡಬ್ಬೀನ ನಾನೇ ಕಟ್ಟಿ ಅವರ ಕೈಗೆ ಕೊಟ್ಟೆ."

ಆಮೇಲೆ ನಾಲ್ಕು ತಿಂಗಳು ಅವಳು ಬೆಳಕಿನಕ್ಕನ ಜೊತೆ ಮಾತಾಡಲಿಲ್ಲ. ಊಟಕ್ಕೆ ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಅಷ್ಟೇ.

ಸಮಿತಿ ಮಂಗಳವಾರ ಬರಲಿಲ್ಲ. ಅದರ ಬದಲು ವಿಚಾರಣೆಯವರು ಬಂದರು. ಬೆಳಕಿನಕ್ಕ ನಡೆದದ್ದನ್ನೆಲ್ಲ ನಾಲ್ಕು ಪುಟಗಳಲ್ಲಿ ಬರೆದಳು. ತಾನು ಹೇಳಿದ ಸುಳ್ಳನ್ನೂ ಬರೆದಳು. ಮೇಷ್ಟ್ರು ಅದನ್ನು ಓದಿ ಬಾಗಿಲು ಮುಚ್ಚಿದರು. ಗುರುವಾರ ನೀನು ನನ್ನ ಬಳಿ ಬಂದದ್ದು, ನಾನು ಹಾಳೆಯನ್ನು ಡ್ರಾಯರಿಗೆ ಹಾಕಿದ್ದು, ಗಂಟೆಯ ತಂತಿ ತೆಗೆಯಲು ಒಪ್ಪಿದ್ದು, ಇವನ್ನೆಲ್ಲ ಬರೆಯಲೇಬೇಕೇ ಎಂದು ಕೇಳಿದರು. ಒಂದು ವಾರದಲ್ಲಿ ಅವರಿಗೆ ಹತ್ತು ವರ್ಷ ಹೆಚ್ಚು ವಯಸ್ಸಾದಂತಿತ್ತು.

"ನಂದೂ ಬರ್ದಿದೀನಿ ಮೇಷ್ಟ್ರೇ. ನಿಮ್ದೂ ಇರ್ಲಿ."

ಅವರು ನಾಲ್ಕೂ ಪುಟಗಳನ್ನು ಇನ್ನೊಮ್ಮೆ ತಿರುವಿದರು. ಆಮೇಲೆ ಪೆನ್ನು ತೆಗೆದು, ಇದೆಲ್ಲ ನಿಜ ಎಂದು ಕೆಳಗೆ ಬರೆದು ಸಹಿ ಹಾಕಿದರು. ಮುಂದಿನ ತಿಂಗಳು ಅವರನ್ನು ಆ ಹುದ್ದೆಯಿಂದ ತೆಗೆದರು. ಬೆಳಕಿನಕ್ಕನಿಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ತೊಟ್ಟಿಯನ್ನು ಬರಿದು ಮಾಡಿದರು. ಬೆಸುಗೆಯನ್ನು ಸೀಳಿ ನೋಡಿದಾಗ ಬಿರುಕು ಸರಿಯಾಗಿ ಆ ಕೊನೆಯ ಎರಡಿಂಚಿನಲ್ಲಿತ್ತು. ಒಂದು ಕವಲು ಆರ್ಗಾನಿನ ಕಡೆಗೆ, ಇನ್ನೊಂದು ಗುಂಡಿಯ ಕಡೆಗೆ ಹೋಗಿತ್ತು. ಹೊರಗಿನ ಕವಲು ಹೊದಿಕೆ ಬಿಚ್ಚುವವರೆಗೂ ಹೆಚ್ಚುಕಡಿಮೆ ಮುಚ್ಚಿಕೊಂಡೇ ಇತ್ತಂತೆ.

ಅಣ್ಣ ಮನೆಗೆ ಬಂದ. ಮಾತು ನಿಧಾನವಾಗಿತ್ತು, ಒಂದು ವಾಕ್ಯದ ನಡುವೆ ನಿಂತು ಮುಂದಿನ ಪದವನ್ನು ಹುಡುಕುತ್ತಿದ್ದ. ಕಣ್ಣಿನ ಪೊರೆ ತೆಗೆಸಿದರು. ಈಗ ಹಿತ್ತಿಲ ಗೋಡೆಯ ಮೇಲೆ ಹರಿಯುವ ಇರುವೆಯೂ ಕಾಣುತ್ತಿತ್ತು. ಆದರೆ ಕೈ ನಡುಗುತ್ತಿತ್ತು. ಲೋಟ ಹಿಡಿದರೆ ಚಹಾ ತಟ್ಟೆಗೆ ಚೆಲ್ಲುತ್ತಿತ್ತು. ಬೆಸುಗೆಯ ಪಂಜನ್ನು ಇನ್ನು ಮುಟ್ಟುವ ಹಾಗಿರಲಿಲ್ಲ. ತಂಗಿಯ ಮೇಲೆ ಅವನಿಗೆ ಕೋಪವಿರಲಿಲ್ಲ. ಆ ಭಾನುವಾರ ಅವನ ನೆನಪಿನಲ್ಲೇ ಇರಲಿಲ್ಲ. ಯಾಕೆ ಇಳಿದೆ ಎಂದು ಅವಳು ಒಮ್ಮೆ ಕೇಳಿದಾಗ, ಯಾವ ಗುಂಡಿಗೆ ಎಂದು ಅವನೇ ಅವಳನ್ನು ಕೇಳಿದ.

ನಾಲ್ಕು ತಿಂಗಳಾದ ಮೇಲೆ ಹೊಸ ತಂಪು ಪೆಟ್ಟಿಗೆ ಬಂತು, ಹೊಸ ಬೆಸುಗೆಗಾರ ಬಂದ. ನಲವತ್ತರ ಆಸುಪಾಸಿನ ಮನುಷ್ಯ. ಪೆಟ್ಟಿಗೆಯ ಆ ಸುತ್ತು ಜೋಡಣೆ ಅವನಿಗೂ ತಲೆನೋವಾಗಿತ್ತು. ದರ್ಜಿಯಣ್ಣನನ್ನು ಒಮ್ಮೆ ಕೇಳಿದರೆ ಹೇಗೆ ಎಂದು ಹಿಂಜರಿಯುತ್ತ ಬೆಳಕಿನಕ್ಕನನ್ನು ವಿಚಾರಿಸಿದ. ಅವಳು ಒಂದು ಸಂಜೆ ಅವನನ್ನು ಮನೆಗೆ ಕರೆದುಕೊಂಡು ಬಂದಳು.

ಅಣ್ಣ ಕಟ್ಟೆಯ ಮೇಲೆ ಕೂತು ನಡುಗುವ ಬೆರಳಿನಿಂದ ಗಾಳಿಯಲ್ಲಿ ವೃತ್ತ ಬರೆಯುತ್ತ ಹೇಳಿಕೊಟ್ಟ. ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಿ ಆರಲು ಬಿಡಬೇಕು, ಉಕ್ಕಿನ ಬಣ್ಣ ಹೇಗಾದಾಗ ಮುಂದಕ್ಕೆ ಸರಿಯಬೇಕು. ಪದಗಳು ಸಿಗದೆ ತಡವರಿಸಿದಾಗ ಹೊಸ ಬೆಸುಗೆಗಾರ ಅವಸರ ಮಾಡದೆ ಕಾದ. ಬೆಸುಗೆಯ ಮಾತಿನಲ್ಲಿ ಮಾತ್ರ ಅಣ್ಣ ಒಂದೂ ತಪ್ಪಲಿಲ್ಲ. ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ಎಲ್ಲವನ್ನೂ ಕೇಳುತ್ತ ನಿಂತಿದ್ದಳು. ಬಂದವನು ಹೊರಡಲು ಎದ್ದಾಗ ಎರಡು ಹೆಜ್ಜೆ ಮುಂದೆ ಬಂದಳು.

"ನಿಮ್ಮ ಕಣ್ಣು ನೆಟ್ಟಗಿದಾವೇನಪ್ಪ?"

"ಚೆನ್ನಾಗಿದಾವೆ ಅಮ್ಮ," ಎಂದು ಅವನು ನಕ್ಕ.

"ಡಾಕ್ಟ್ರು ಹೇಳಿದ್ದಾ, ನೀವೇ ಹೇಳ್ತಿರೋದಾ?"

ಅವನ ನಗು ಅಲ್ಲೇ ನಿಂತಿತು. ಅವನು ಅಣ್ಣನ ಕಡೆ ನೋಡಿದ, ಆಮೇಲೆ ನೆಲದ ಕಡೆ. ಎಡಗಣ್ಣಿನಲ್ಲಿ ಸಂಜೆಯ ಹೊತ್ತು ಸ್ವಲ್ಪ ಮಬ್ಬು, ಆಯಾಸಕ್ಕಿರಬೇಕು ಎಂದು ಮೆಲ್ಲಗೆ ಹೇಳಿದ. ಅತ್ತಿಗೆ ಆಗ ನಾದಿನಿಯ ಕಡೆ ತಿರುಗಿ, ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳಿಗೇ ಎಂದು ಒಂದು ಮಾತು ಆಡಿದಳು.

"ನಾಳೆ ಇವರನ್ನ ನೀನೇ ಕರ್ಕೊಂಡು ಹೋಗು. ಬಾಗಿಲ ಹತ್ರ ಬಿಟ್ಟು ಬರ್ಬೇಡ, ಒಳಗೂ ಹೋಗು."

ಮಾರನೆಯ ದಿನ ಬೆಳಕಿನಕ್ಕ ಪ್ರಯೋಗಶಾಲೆಗೆ ತಡವಾಗಿ ಬರುತ್ತೇನೆಂದು, ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆದು ತಿಳಿಸಿ, ಹೊಸ ಬೆಸುಗೆಗಾರನ ಜೊತೆ ಕಣ್ಣಿನ ಡಾಕ್ಟರ ಕೋಣೆಯೊಳಗೆ ಹೋಗಿ ಕೂತಳು.